ಅವ್ವಾ, ಇಲ್ಲಿ ನೋಡ

ಅಕ್ಕಂದಿರೆ,

ನಾವು ವಿಜಯಪುರದ ಅಥಣಿ ರಸ್ತೆಯ ಮಂದಿ. ಈ ರಸ್ತೆ ತಿಕೋಟಾ ದಾಟಿ ಅಥಣಿಗೆ ಹೋಗುತ್ತದೆ. ಲಾರಿ, ಬಸ್ಸು, ಟ್ರ್ಯಾಕ್ಟರು ಓಡುತ್ತವೆ.

ಸಂಜೆ ಕಟ್ಟೆ ಮೇಲೆ ಕೂಡುತ್ತೇವೆ. ಮಕ್ಕಳು ಆಡುತ್ತಾವೆ. ನಮ್ಮ ಕೈಯಾಗ ಫೋನು. ಮಗು "ಅವ್ವಾ, ಇಲ್ಲಿ ನೋಡ" ಅಂತೈತಿ. ನಾವು "ಹೂಂ" ಅಂತೀವಿ. ತಲೆ ಎತ್ತುವುದಿಲ್ಲ. ಎರಡು ಸಲ ಕರೆದ ಮಗು ಮೂರನೇ ಸಲ ಕರೆಯುವುದಿಲ್ಲ. ಆಮೇಲೆ ಎಲ್ಲಿ ಹೋಯಿತು?

2024ರ ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯ ಲಚ್ಯಾಣದಲ್ಲಿ ಆಡಲು ಹೋದ ಕೂಸು ಕೊಳವೆಬಾವಿಗೆ ಬಿತ್ತು. ಸುಮಾರು 20 ತಾಸಿನ ಮೇಲೆ ಜೀವಂತ ಹೊರಗೆ ತೆಗೆದರು. ಪುಣ್ಯ ದೊಡ್ಡದು. ಯಾರ ಮನೆಯಲ್ಲೇ ಆಗಲಿ, ಅಪಾಯಕ್ಕೆ ಒಂದು ಗಳಿಗೆ ಸಾಕು.

ಫೋನು ಕೆಟ್ಟದ್ದಲ್ಲ. ತವರಿನ ಸುದ್ದಿ, ಬ್ಯಾಂಕಿನ ಸಂದೇಶ ಅದರಲ್ಲೇ ಬರುತ್ತವೆ. ಆದರೆ ನಾವು ಮರುಮಾತು ಆಡಿದರೆ ಮಗುವಿನ ಮಾತು ಬೆಳೆಯುತ್ತದೆ. ಸುಮ್ಮನಿರಲಿ ಅಂತ ಮಗುವಿನ ಕೈಗೂ ಫೋನು ಕೊಡುವುದು ಬೇಡ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ತಾಸಿಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಮಕ್ಕಳು ಆಡುವ ಹೊತ್ತು ಫೋನು ಗೋಡೆಯ ಗೂಡಿನಲ್ಲಿರಲಿ. ಕರೆ ಬಂದರೆ ಮೊದಲು ಮಗುವಿನ ಕೈ ಹಿಡಿಯೋಣ. ಆಮೇಲೆ ಮಾತಾಡೋಣ. ಮನೆಯ ಗಂಡಸರಿಗೂ ಇದನ್ನು ಓದಿ ಹೇಳೋಣ.

ಓದಿರಿ, ಬರೆಯಿರಿ: ಮಗು, ರಸ್ತೆ, ಫೋನು, ಗೂಡು.

ಮಾತಾಡಿರಿ: ನಿನ್ನೆ ಮಗು ಕರೆದಾಗ ನಾವು ಎಷ್ಟು ಸಲ ತಲೆ ಎತ್ತಿದೆವು?