ಕುಂಡದಲ್ಲಿರುವುದು ದೊಡ್ಡಪತ್ರೆಯೇ?



ವೆಂಬ್ಲಿಯ ನಮ್ಮ ಮನೆಗಳಿಗೆ ಗಿಡಗಳು ಬರುವುದು ಹೆಚ್ಚಾಗಿ ಕೈಯಿಂದ ಕೈಗೆ. ಯಾರೋ ಕೊಟ್ಟ ತುಂಡು ಬೇರು ಬಿಟ್ಟು ಕುಂಡ ತುಂಬುತ್ತದೆ, ಹೆಸರು ಮಾತ್ರ ಯಾರಿಗೂ ನೆನಪಿರುವುದಿಲ್ಲ. "ದೊಡ್ಡಪತ್ರೆ ಇರಬೇಕು" ಎಂದು ತಂಬುಳಿಗೆ ಕೀಳುವ ಮುನ್ನ ಸ್ವಲ್ಪ ನಿಂತು ನೋಡಿ.

ದೊಡ್ಡಪತ್ರೆ (ಕೆಲವರಿಗೆ ಸಾಂಬ್ರಾಣಿ ಸೊಪ್ಪು) ತುಳಸಿ, ಪುದೀನಗಳ ಬಳಗದ್ದು. ಎಲೆಗಳು ಎದುರುಬದುರಾಗಿ ಜೋಡಿಜೋಡಿ, ದಪ್ಪ, ಅಂಚೆಲ್ಲ ಕಚ್ಚುಕಚ್ಚು, ಮೈಮೇಲೆ ನವಿರಾದ ರೋಮ. ಬೆರಳಲ್ಲಿ ಉಜ್ಜಿದರೆ ಓಮದ ಘಾಟು. ಓಮದಲ್ಲಿರುವ ಥೈಮಾಲ್ ಇದರಲ್ಲೂ ಉಂಟು, ಜೊತೆಗೆ ಕಾರ್ವಕ್ರಾಲ್.

ಮೋಸಹೋಗುವುದು ಕಾಡುಬಸಳೆಯಲ್ಲಿ. ಅದರ ಎಲೆಯೂ ದಪ್ಪ, ಅಂಚೂ ಕಚ್ಚುಕಚ್ಚು. ಆದರೆ ಮೈ ನುಣುಪು, ಓಮದ ವಾಸನೆಯಿಲ್ಲ, ಎಲೆಯ ಅಂಚಿನಲ್ಲೇ ಮರಿಗಿಡ ಹುಟ್ಟುತ್ತದೆ. ಊರಲ್ಲಿ ಮದ್ದಿಗೆ ಬಳಸುವುದುಂಟು, ನಿಜ. ಆದರೆ ಹೃದಯದ ಬಡಿತವನ್ನೇ ಕೆಡಿಸಬಲ್ಲ ವಿಷಾಂಶ ಅದರಲ್ಲಿದೆ. ದೊಡ್ಡಪತ್ರೆಯೆಂದು ತಿಳಿದು ಮಕ್ಕಳ ಕೆಮ್ಮಿಗೆ ಅದರ ರಸ ಕೊಟ್ಟೀರಿ, ಜೋಕೆ! ಅನುಮಾನವಿದ್ದರೆ ರುಚಿ ನೋಡಲೂ ಬೇಡಿ.

ಇಲ್ಲಿನ ನರ್ಸರಿಗಳಲ್ಲಿ ದೊಡ್ಡಪತ್ರೆಗೆ 'ಕ್ಯೂಬನ್ ಒರೆಗಾನೊ' ಎನ್ನುತ್ತಾರೆ. ಚೀಟಿಯಲ್ಲಿ ಪ್ಲೆಕ್ಟ್ರಾಂಥಸ್ ಎಂದಿರಲಿ, ಕೋಲಿಯಸ್ ಎಂದಿರಲಿ, ಮುಂದೆ 'ಅಂಬೋಯ್ನಿಕಸ್' ಇದ್ದರೆ ಅದೇ ಗಿಡ. ಚಳಿ ತಡೆಯದು, ಅಕ್ಟೋಬರ್‌ಗೆ ಒಳಗೆ ತಂದು ಬಿಸಿಲು ಬೀಳುವ ಕಿಟಕಿಯಲ್ಲಿಡಿ, ನೀರು ಕಡಿಮೆ ಹಾಕಿ.