ಹಿಮನದಿಯ ಆಸರೆ ಇಲ್ಲದ ಕೃಷ್ಣೆ: ನೀರಿನ ಲೆಕ್ಕ ತಿಳಿಯಿರಿ

ಎತ್ತರದ ಪರ್ವತಗಳಲ್ಲಿ ಬಿದ್ದ ಹಿಮವು ವರ್ಷದಿಂದ ವರ್ಷಕ್ಕೆ ಪದರ ಪದರವಾಗಿ ಕೂಡಿ, ತನ್ನ ಭಾರದಿಂದಲೇ ಗಟ್ಟಿಯಾಗಿ, ಇಳಿಜಾರಿನಲ್ಲಿ ನಿಧಾನವಾಗಿ ಜರುಗುತ್ತದೆ. ಇದೇ ಹಿಮನದಿ. ಕೂಡುವ ಹಿಮಕ್ಕಿಂತ ಕರಗುವುದು ಹೆಚ್ಚಾದರೆ ಅದರ ತುದಿ ಹಿಂದೆ ಸರಿಯುತ್ತದೆ. ಹಗೇವಿಗೆ ತುಂಬಿದ್ದಕ್ಕಿಂತ ಹೆಚ್ಚು ಜೋಳ ತೆಗೆದಂತೆ ಇದು. ಭೂಮಿಯ ಕಾವು ಏರುತ್ತಿರುವುದರಿಂದ ಸುಮಾರು 30 ಕಿ.ಮೀ. ಉದ್ದದ ಗಂಗೋತ್ರಿ ಹಿಮನದಿಯು 1935ರಿಂದೀಚೆಗೆ 1 ಕಿ.ಮೀ.ಗಿಂತ ಹೆಚ್ಚು ಹಿಂದೆ ಸರಿದಿದೆ. ಹಿಮನದಿ ಕರಗುವಾಗ ಮೊದಲು ಹೊಳೆಯ ನೀರು ಹೆಚ್ಚುತ್ತದೆ; ಗಡ್ಡೆ ಸಣ್ಣದಾದ ಮೇಲೆ ಕಡಿಮೆಯಾಗುತ್ತದೆ.

ಇದಕ್ಕೂ ಯಾದಗಿರಿ, ಶಹಾಪುರ, ಸುರಪುರದ ರೈತರಿಗೂ ಏನು ಸಂಬಂಧ? ಗಂಗೆಗೆ ಬೇಸಿಗೆಯಲ್ಲಿ ಕರಗಿದ ಹಿಮದ ನೀರು ಸೇರುತ್ತದೆ. ಮಹಾಬಳೇಶ್ವರದ ಕೃಷ್ಣೆಗೂ ಭೀಮಾಶಂಕರದ ಭೀಮೆಗೂ ಆ ಆಸರೆ ಇಲ್ಲ, ಮಳೆಯೇ ಗತಿ. ಆಲಮಟ್ಟಿ ಹಾಗೂ ನಾರಾಯಣಪುರದ ಬಸವಸಾಗರದಲ್ಲಿ ಮಳೆಗಾಲದಲ್ಲಿ ನಿಂತ ನೀರೇ ನಮ್ಮ ಹಗೇವು. ಬೇಸಿಗೆಯಲ್ಲಿ ಅದನ್ನು ತುಂಬುವವರಿಲ್ಲ.

ಭತ್ತಕ್ಕೆ ಸುಮಾರು 1,200 ಮಿ.ಮೀ. ನೀರು ಬೇಕು; ಶೇಂಗಾಕ್ಕೆ 500ರಿಂದ 600 ಮಿ.ಮೀ. ಸಾಕು. ಅಂದರೆ ಒಂದು ಎಕರೆ ಭತ್ತದ ನೀರು ಎರಡು ಎಕರೆ ಶೇಂಗಾಕ್ಕೆ ಆಗುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ಮುಖ್ಯವಾಗಿ ಲಘು ನೀರಾವರಿ ಬೆಳೆಗಳಿಗೆಂದು ರೂಪಿಸಲಾಗಿದೆ. ಕಾಲುವೆಯ ತಲೆಭಾಗದಲ್ಲಿ ಭತ್ತ ಹೆಚ್ಚಿದರೆ ಕೊನೆಭಾಗದ ಹೊಲ ಒಣಗುತ್ತದೆ. ತಲೆಭಾಗದ ಎರೆಭೂಮಿಯೂ ಸವುಳು-ಜವುಳಾಗುತ್ತದೆ. ನಷ್ಟ ಇಬ್ಬರಿಗೂ ಇದೆ.

ಆದ್ದರಿಂದ ರೈತ ಬಾಂಧವರು ಈ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

1. ನೀರಾವರಿ ಸಲಹಾ ಸಮಿತಿಯು ನೀರು ಬಿಡುವ ಅವಧಿಯನ್ನು ಪ್ರಕಟಿಸಿದ ನಂತರವೇ ಹಿಂಗಾರಿ ಬೆಳೆಯನ್ನು ಆರಿಸಿರಿ.

2. ಹಿಂಗಾರಿಯಲ್ಲಿ ಭತ್ತದ ಬದಲು ಶೇಂಗಾ, ಜೋಳ, ಕಡಲೆ ಬೆಳೆಯಿರಿ.

3. ಎರೆಭೂಮಿಗೆ ಹದವಾಗಿ ನೀರು ಕೊಡಿರಿ. ಹೆಚ್ಚಾದ ನೀರು ಹೊರಹೋಗಲು ಬಸಿಗಾಲುವೆ ತೆಗೆಯಿರಿ.

4. ಕಾಲುವೆ ನೀರಿಲ್ಲದ ಎರೆ ಹೊಲಗಳಲ್ಲಿ ಮುಂಗಾರಿನಲ್ಲೇ ಚೌಕು ಮಡಿ ಮಾಡಿ ಮಳೆನೀರು ಇಂಗಿಸಿರಿ. ಬೆಳೆ ನಿಂತ ಮೇಲೆ ಎರಡು-ಮೂರು ಸಲ ಎಡೆಕುಂಟೆ ಹೊಡೆದರೆ ಬಿರುಕು ಮುಚ್ಚಿ ತೇವ ಉಳಿಯುತ್ತದೆ.

ಕಾವು ಏರಿದಂತೆ ಮಳೆಯೂ ಒಮ್ಮೆ ಸುರಿದು ಹಲವು ದಿನ ಕೈಕೊಡುವುದು ಹೆಚ್ಚುತ್ತದೆ. ಹಿಮ ಕರಗುವುದನ್ನು ನಾವು ಇಲ್ಲಿಂದ ತಡೆಯಲಾರೆವು. ತೂಬಿನ ನೀರನ್ನು ಹಂಚಿಕೊಳ್ಳುವುದು ನಮ್ಮ ಕೈಯಲ್ಲಿದೆ. ಬಿತ್ತನೆಗೆ ಮುಂಚೆಯೇ ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಮೊದಲ ತೂಬಿನವರೂ ಕೊನೆಯ ತೂಬಿನವರೂ ಒಟ್ಟಿಗೆ ಕುಳಿತು ಸರದಿಯನ್ನು ಗೊತ್ತುಮಾಡಿಕೊಳ್ಳಬೇಕು.