ಪರಿಹಾರದ ಆದೇಶ ಒಪ್ಪಿಗೆಯಿಲ್ಲವೇ? ಅರವತ್ತು ದಿನ ಮರೆಯಬೇಡಿ

2023ರ ಹೊಸ ವರ್ಷದ ದಿನ ನಾಶಿಕ್ ಜಿಲ್ಲೆಯ ಇಗತಪುರಿ ತಾಲ್ಲೂಕಿನ ಮುಂಢೇಗಾಂವ್‌ನಲ್ಲಿ ಜಿಂದಾಲ್ ಪಾಲಿ ಫಿಲ್ಮ್ಸ್ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರ್ಮಿಕರು ಸತ್ತರು, ಹಲವರು ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆ ಸೇರಿದರು. ಅದೇ ವರ್ಷದ ಕೊನೆಯ ದಿನ ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದ ಕೈಗವಸು ಕಾರ್ಖಾನೆಯ ಬೆಂಕಿಗೆ ಆರು ಮಂದಿ ಬಲಿಯಾದರು. ಇಗತಪುರಿಯಲ್ಲಿ ಸತ್ತವರ ಕುಟುಂಬಗಳಿಗೆ ಮಹಾರಾಷ್ಟ್ರ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು.

ಇಂಥ ಘೋಷಣೆಯ ಹಣ ಸರ್ಕಾರದ ನೆರವು. ಕಾನೂನು ಹೇಳುವ ಪರಿಹಾರ ಮಾಲೀಕರು ಕೊಡಬೇಕಾದ ಬಾಕಿ. ಒಂದನ್ನು ಪಡೆದ ಮಾತ್ರಕ್ಕೆ ಇನ್ನೊಂದು ಕರಗುವುದಿಲ್ಲ. ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವ ಕುಟುಂಬಗಳು ಮೊದಲು ತಿಳಿಯಬೇಕಾದ ಸಂಗತಿ ಇದು.

1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹಳೆಯ ಅಪಘಾತಗಳ ಪ್ರಕರಣಗಳು ಹಳೆಯ ಕಾಯ್ದೆಯ ಲೆಕ್ಕದಲ್ಲೇ ಸಾಗುತ್ತವೆ. ಎರಡರಲ್ಲೂ ಗಡುವು ಒಂದೇ: ಪರಿಹಾರದ ಅರ್ಜಿಗೆ ಅಪಘಾತ ಅಥವಾ ಸಾವಿನ ದಿನದಿಂದ ಎರಡು ವರ್ಷ, ಆದೇಶದ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 60 ದಿನ. ತಡವಾದರೆ ತಕ್ಕ ಕಾರಣ ಕೊಟ್ಟು ಮನ್ನಿಸುವಂತೆ ಕೇಳಬಹುದು, ಆದರೆ ಅದನ್ನೇ ನಂಬಿ ಕೂರಬಾರದು.

ಆದೇಶ ಹೊರಬಿದ್ದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಪ್ರತಿ ಕೈಗೆ ಬಂದ ಮೇಲೆ ಮೂರು ಅಂಕಿಗಳನ್ನು ಹುಡುಕಿ: ವಯಸ್ಸು, ತಿಂಗಳ ಸಂಬಳ, ದುಡಿಯುವ ಶಕ್ತಿಯಲ್ಲಿ ಆದ ನಷ್ಟದ ಶೇಕಡಾವಾರು. ಇಡೀ ಮೊತ್ತ ನಿಂತಿರುವುದು ಈ ಮೂರರ ಮೇಲೆ. 30 ವರ್ಷದವರಿಗೆ ಕಾಯ್ದೆಯ ಅನುಸೂಚಿಯಲ್ಲಿರುವ ಗುಣಕ 207.98. 2020ರ ಜನವರಿ 3ರ ಅಧಿಸೂಚನೆ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು 15,000 ರೂಪಾಯಿಗೆ ಏರಿಸಿತು. ಸಾವಿನ ಪ್ರಕರಣದಲ್ಲಿ ಅದರ ಅರ್ಧವನ್ನು ಗುಣಕದಿಂದ ಗುಣಿಸಿದರೆ 15,59,850 ರೂಪಾಯಿ. ಪೂರ್ಣ ಅಂಗವೈಕಲ್ಯಕ್ಕೆ ಸಂಬಳದ ಶೇ 60 ಹಿಡಿದರೆ 18,71,820. ಹೆಬ್ಬೆರಳು ಹೋದರೆ ಅನುಸೂಚಿಯ ಪ್ರಕಾರ ನಷ್ಟ ಶೇ 30, ಅಂದರೆ 5,61,546 ರೂಪಾಯಿ. ಆದೇಶದಲ್ಲಿ ಸಂಬಳ 8,000 ಎಂದು ಹಿಡಿದಿದ್ದರೆ ಮೊತ್ತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ಗುಣಾಕಾರವನ್ನು ಮನೆಯಲ್ಲೇ ಮಾಡಿ ನೋಡಿ, ವಕೀಲರ ಬಳಿಗೆ ಲೆಕ್ಕದ ಚೀಟಿಯೊಂದಿಗೇ ಹೋಗಿ.

ಬಡ್ಡಿಯ ಸಾಲನ್ನೂ ಹುಡುಕಿ. ಪರಿಹಾರ ಬಾಕಿಯಾದ ಒಂದು ತಿಂಗಳೊಳಗೆ ಮಾಲೀಕರು ಹಣ ಕಟ್ಟದಿದ್ದರೆ ಶೇ 12ರ ಸರಳ ಬಡ್ಡಿ ಸೇರಬೇಕು. ಸಕಾರಣವಿಲ್ಲದೆ ತಡಮಾಡಿದ್ದರೆ ಮೊತ್ತದ ಅರ್ಧದವರೆಗೂ ದಂಡ ಬೀಳಬಹುದು. ಬಾಕಿ ಶುರುವಾಗುವುದು ಅಪಘಾತದ ದಿನದಿಂದ. ಆದೇಶದ ದಿನದಿಂದ ಬಡ್ಡಿ ಲೆಕ್ಕ ಹಾಕಿದ್ದರೆ ಅದು ಮೇಲ್ಮನವಿಗೆ ಗಟ್ಟಿ ಆಧಾರ.

ಗಟ್ಟಿ ಆಧಾರ ಬೇಕೇ ಬೇಕು, ಏಕೆಂದರೆ ಹೈಕೋರ್ಟು ಮತ್ತೊಮ್ಮೆ ಸಾಕ್ಷಿ ಕೇಳುವ ಜಾಗವಲ್ಲ. ವಿವಾದದ ಮೊತ್ತ ಕನಿಷ್ಠ 10,000 ರೂಪಾಯಿ ಇರಬೇಕು, ಜೊತೆಗೆ ಮಹತ್ವದ ಕಾನೂನು ಪ್ರಶ್ನೆ ಇರಬೇಕು. ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಅಪಘಾತ ಕೆಲಸದ ವೇಳೆ ಆಯಿತೇ, ವಯಸ್ಸೆಷ್ಟು, ಸಂಬಳವೆಷ್ಟು ಎಂಬುವು ವಾಸ್ತವಾಂಶದ ಪ್ರಶ್ನೆಗಳು, ಪರಿಹಾರದ ಅರ್ಜಿ ವಿಚಾರಿಸುವ ಆಯುಕ್ತರು ಸಾಕ್ಷ್ಯ ನೋಡಿ ತೀರ್ಮಾನಿಸಿದರೆ ಸಾಮಾನ್ಯವಾಗಿ ಅದೇ ಕೊನೆ. ಹಾಗಾಗಿ ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಹಾಜರಿ ದಾಖಲೆ, ಎಫ್‌ಐಆರ್, ವೈದ್ಯರ ಹೇಳಿಕೆ ಎಲ್ಲವೂ ಮೊದಲ ಹಂತದಲ್ಲೇ ಕಡತ ಸೇರಬೇಕು. ಸಾಕ್ಷ್ಯವನ್ನು ನೋಡದೆ ಬಿಟ್ಟಿದ್ದರೆ, ಸಾಕ್ಷ್ಯವೇ ಇಲ್ಲದ ತೀರ್ಮಾನ ಬರೆದಿದ್ದರೆ, ಅನುಸೂಚಿಯನ್ನು ತಪ್ಪಾಗಿ ಅನ್ವಯಿಸಿದ್ದರೆ ಕಾನೂನು ಪ್ರಶ್ನೆ ಹುಟ್ಟುತ್ತದೆ.

ಶೇಕಡಾವಾರಿನ ವಿಷಯದಲ್ಲಿ ಹಳೆಯ ತೀರ್ಪೊಂದು ಇಂದಿಗೂ ಕಾರ್ಮಿಕರ ಕೈಹಿಡಿಯುತ್ತದೆ. ಎಡಗೈಯನ್ನು ಮೊಣಕೈಗಿಂತ ಮೇಲೆ ಕಳೆದುಕೊಂಡ ಬಡಗಿಗೆ ನಷ್ಟ ನೂರಕ್ಕೆ ನೂರು ಎಂದು ಆಯುಕ್ತರು ಹೇಳಿದ್ದನ್ನು 1975ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು. ಗಾಯ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಆ ಗಾಯದಿಂದ ಯಾವ ದುಡಿಮೆ ನಿಂತಿತು ಎನ್ನುವುದೇ ಮುಖ್ಯವಾಯಿತು.

ಇಗತಪುರಿಯ ಪ್ರಕರಣ ನಾಶಿಕ್ ಜಿಲ್ಲೆಯದ್ದಾದ್ದರಿಂದ ಅಲ್ಲಿನ ಆದೇಶದ ಮೇಲ್ಮನವಿ ಮುಂಬೈನ ಪ್ರಧಾನ ಪೀಠಕ್ಕೆ ಹೋಗುತ್ತದೆ. ವಾಳೂಜ್‌ನದು ಔರಂಗಾಬಾದ್ ಪೀಠಕ್ಕೆ. ಕನ್ನಡಿಗರು ಹೆಚ್ಚಿರುವ ಜತ್ತ, ಅಕ್ಕಲಕೋಟೆ ಕಡೆಯ ಆದೇಶಗಳಿಗೆ 2025ರ ಆಗಸ್ಟ್‌ನಲ್ಲಿ ಶುರುವಾದ ಕೊಲ್ಹಾಪುರ ಪೀಠವಿದೆ. ಮೊದಲ ಅರ್ಜಿಯನ್ನು ಅಪಘಾತವಾದ ಊರಲ್ಲೇ ಹಾಕಬೇಕೆಂದಿಲ್ಲ, ಕಾರ್ಮಿಕರು ಅಥವಾ ಅವಲಂಬಿತರು ವಾಸವಿರುವ ಜಾಗದಲ್ಲೂ ಹಾಕಬಹುದು. ಕಲಬುರಗಿಯಲ್ಲಿ ಹಾಕಿದರೆ ಮೇಲ್ಮನವಿಯೂ ಕಲಬುರಗಿ ಪೀಠದಲ್ಲೇ. ಗಾಯಾಳುವನ್ನು ಪ್ರತಿ ವಾಯಿದೆಗೂ ಇಗತಪುರಿಗೆ ಕರೆದೊಯ್ಯುವ ಕಷ್ಟ ಇದರಿಂದ ತಪ್ಪುತ್ತದೆ.

ಇಎಸ್‌ಐ ಚೀಟಿ ಇದ್ದವರ ದಾರಿ ಬೇರೆ. ಅವರಿಗೆ ವೈದ್ಯಕೀಯ ಮಂಡಳಿಯ ನಿರ್ಧಾರದ ವಿರುದ್ಧ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿ ಅಥವಾ ನೌಕರರ ವಿಮಾ ನ್ಯಾಯಾಲಯವಿದೆ.

ರಾಜಿ ಪತ್ರಕ್ಕೆ ಸಹಿ ಹಾಕುವ ಮುನ್ನ ನಿಲ್ಲಿ. ಆಯುಕ್ತರ ತೀರ್ಮಾನಕ್ಕೆ ಬದ್ಧ ಎಂದು ಎರಡೂ ಕಡೆಯವರು ಒಪ್ಪಿದ್ದರೆ, ಇಲ್ಲವೇ ಆದೇಶವೇ ಒಪ್ಪಂದದಂತೆ ಬಂದಿದ್ದರೆ, ಮೇಲ್ಮನವಿಯ ಬಾಗಿಲು ಮುಚ್ಚಿದಂತೆ. ಸಾವಿನ ಪ್ರಕರಣದಲ್ಲಿ ಪರಿಹಾರ ಆಯುಕ್ತರ ಬಳಿಯೇ ಠೇವಣಿಯಾಗಬೇಕು. ಗುತ್ತಿಗೆದಾರರು ಮನೆಗೆ ತಂದುಕೊಟ್ಟ ನಗದಿನಿಂದ ಹೊಣೆ ತೀರುವುದಿಲ್ಲ. ಗುತ್ತಿಗೆದಾರರು ನಾಪತ್ತೆಯಾದರೆ ಕೆಲಸ ವಹಿಸಿದ ಮೂಲ ಕಂಪನಿಯ ಮೇಲೆಯೇ ಅರ್ಜಿ ಹಾಕಬಹುದು.

ಮೇಲ್ಮನವಿ ಮಾಲೀಕರದ್ದಾದರೆ ಅವರು ಮೊದಲು ಪೂರ್ತಿ ಹಣ ಠೇವಣಿ ಇಟ್ಟು ಆಯುಕ್ತರ ಪ್ರಮಾಣಪತ್ರ ಲಗತ್ತಿಸಬೇಕು. ಅದಿದೆಯೇ ಎಂದು ಪರಿಶೀಲಿಸಿ, ಠೇವಣಿಯಲ್ಲಿ ಒಂದು ಭಾಗವನ್ನಾದರೂ ಬಿಡಿಸಿಕೊಡುವಂತೆ ಹೈಕೋರ್ಟಿಗೆ ಅರ್ಜಿ ಹಾಕಿ. ವಕೀಲರ ಶುಲ್ಕದ ಚಿಂತೆ ಇದ್ದವರು 15100ಕ್ಕೆ ಕರೆ ಮಾಡಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಅಂಗವಿಕಲರು, ಪರಿಶಿಷ್ಟರು ಉಚಿತ ವಕೀಲರಿಗೆ ಹಕ್ಕುದಾರರು. ಗೆದ್ದ ಮೇಲೂ ಮಾಲೀಕರು ಹಣ ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸುವಂತೆ ಆಯುಕ್ತರಿಗೆ ಬರೆದುಕೊಡಿ.